ಖುಷ್ಕಿ, ತರಿ, ಬಾಗಾಯ್ತು: ಪ್ರಪಂಚದ ಬೇಸಾಯಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಹಣಿ ತೆಗೆಸಿದವರು ನೋಡಿರುತ್ತೀರಿ, ಜಮೀನಿನ ಎದುರು ಖುಷ್ಕಿ, ತರಿ, ಬಾಗಾಯ್ತು ಎಂದು ಬರೆದಿರುತ್ತದೆ. ಮಳೆಯನ್ನೇ ನೆಚ್ಚಿದ ಹೊಲ ಖುಷ್ಕಿ, ನೀರು ಕಟ್ಟಿ ಬೆಳೆಯುವ ಗದ್ದೆ ತರಿ, ಅಡಿಕೆ ತೆಂಗಿನಂಥ ತೋಟ ಬಾಗಾಯ್ತು. ಕಂದಾಯ ಹಾಕುವುದಕ್ಕೆಂದು ಮಾಡಿಕೊಂಡ ಈ ಮೂರು ಪದಗಳಲ್ಲಿ ದೊಡ್ಡ ತಿಳಿವಳಿಕೆ ಇದೆ. ಬೆಳೆ ಯಾವುದೆಂದು ಕೇಳುವ ಮುಂಚೆ ನೀರು ಎಲ್ಲಿಂದ ಬರುತ್ತದೆ ಎಂದು ಅವು ಕೇಳುತ್ತವೆ. ಬೇರೆ ದೇಶಗಳ ಕೃಷಿಯ ಬಗ್ಗೆ ಓದುತ್ತ ಹೋದಾಗ ನನಗೂ ಅದೇ ಪ್ರಶ್ನೆ ದಾರಿ ತೋರಿಸಿತು. ಅದರ ಜೊತೆಗೆ ಇನ್ನೊಂದು: ಮಣ್ಣಿನಿಂದ ತೆಗೆದ ಸಾರ ಮಣ್ಣಿಗೆ ಮರಳುವುದು ಹೇಗೆ? ವಿದ್ಯಾರ್ಥಿಗಳು, ಹೊಸದಾಗಿ ಜಮೀನು ಕೊಂಡವರು, ಊರಿನ ನೆಂಟರು ಕೇಳುವ ಪ್ರಶ್ನೆಗಳಿಗೆ ಈ ಎರಡನ್ನೂ ಕೈಯಲ್ಲಿ ಹಿಡಿದುಕೊಂಡೇ ಉತ್ತರ ಬರೆದಿದ್ದೇನೆ.

ಪ್ರಪಂಚದಲ್ಲಿ ಒಟ್ಟು ಎಷ್ಟು ಬಗೆಯ ಕೃಷಿ ಇದೆ?

ಪರೀಕ್ಷೆಗೆ ಓದುವವರಿಗೆ ಒಂದು ಲೆಕ್ಕ ಬೇಕು. ಅಮೆರಿಕದ ಭೂಗೋಳ ತಜ್ಞ ಡರ್ವೆಂಟ್ ವಿಟ್ಲ್‌ಸೀ 1936ರಲ್ಲಿ ಭೂಮಿಯ ಕೃಷಿಯನ್ನು 13 ಬಗೆಯಾಗಿ ವಿಂಗಡಿಸಿದ. ಅಲೆಮಾರಿ ಪಶುಪಾಲನೆ, ಸ್ಥಳಾಂತರ ಬೇಸಾಯ, ತೋಟದ ಬೆಳೆ, ಮೆಡಿಟರೇನಿಯನ್ ಕೃಷಿ, ವಿಸ್ತಾರವಾದ ಧಾನ್ಯ ಬೇಸಾಯ, ಹೈನುಗಾರಿಕೆ ಹೀಗೆ. ನಮ್ಮ ಶಾಲಾ ಪುಸ್ತಕಗಳಲ್ಲಿ ಬರುವ ಪಟ್ಟಿಗಳು ಬಹುಪಾಲು ಇದರಿಂದಲೇ ಇಳಿದು ಬಂದವು. ಪಟ್ಟಿ ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ. ಆದರೆ ಒಂದೇ ಊರಿನಲ್ಲಿ ಕೆರೆ ಕೆಳಗಿನವನು ಒಂದು ಬಗೆ, ದಿಣ್ಣೆ ಮೇಲಿನವನು ಇನ್ನೊಂದು ಬಗೆ ಬೇಸಾಯ ಮಾಡುತ್ತಾನೆ. ಅದನ್ನು ಯಾವ ಪಟ್ಟಿಯೂ ಹಿಡಿಯುವುದಿಲ್ಲ.

ಕಾಡು ಕಡಿದು ಸುಟ್ಟು ಬೆಳೆಯುವುದು ನಾಶದ ಬೇಸಾಯವಲ್ಲವೇ?

ನಮ್ಮ ಪಶ್ಚಿಮ ಘಟ್ಟದಲ್ಲಿ ಇದಕ್ಕೆ ಕುಮರಿ ಎನ್ನುತ್ತಿದ್ದರು. ಈಶಾನ್ಯ ಭಾರತದಲ್ಲಿ ಝೂಮ್, ಆಂಧ್ರ ಒಡಿಶಾದ ಬೆಟ್ಟಗಳಲ್ಲಿ ಪೋಡು, ಶ್ರೀಲಂಕಾದಲ್ಲಿ ಚೇನ, ಇಂಡೊನೇಷ್ಯಾದಲ್ಲಿ ಲಡಾಂಗ್. ಇಷ್ಟು ದೂರದ ಜನ ಒಬ್ಬರನ್ನೊಬ್ಬರು ಕೇಳದೆ ಒಂದೇ ದಾರಿ ಹಿಡಿದರೆಂದರೆ ಅದಕ್ಕೆ ಕಾರಣ ಇರಲೇಬೇಕು. ಜೋರು ಮಳೆಯ ಕಾಡಿನಲ್ಲಿ ಸಾರವೆಲ್ಲ ಮರದ ಮೈಯಲ್ಲಿರುತ್ತದೆ, ಮಣ್ಣಿನಲ್ಲಿ ಇರುವುದು ಕಡಿಮೆ. ಸುಟ್ಟ ಬೂದಿ ಆ ಸಾರವನ್ನು ನೆಲಕ್ಕೆ ಇಳಿಸುತ್ತದೆ. ಎರಡು ಮೂರು ಬೆಳೆ ತೆಗೆದು ಜನ ಮುಂದೆ ಹೋಗುತ್ತಾರೆ, ಹಿಂದೆ ಬಿಟ್ಟ ಜಾಗದಲ್ಲಿ ಕಾಡು ಮತ್ತೆ ಏಳುತ್ತದೆ.

ಹದಿನೈದು ಇಪ್ಪತ್ತು ವರ್ಷ ನೆಲಕ್ಕೆ ವಿಶ್ರಾಂತಿ ಸಿಕ್ಕರೆ ಈ ಬೇಸಾಯ ನಡೆಯುತ್ತದೆ. ನಾಲ್ಕೈದು ವರ್ಷಕ್ಕೇ ಅದೇ ಜಾಗಕ್ಕೆ ಮರಳಿದರೆ ನೆಲ ಬರಡಾಗುತ್ತದೆ. ಬ್ರಿಟಿಷರ ಕಾಲದ ಅರಣ್ಯಾಧಿಕಾರಿಗಳು ಕುಮರಿಯನ್ನು ಬರೀ ನಾಶವೆಂದು ಕಂಡು ನಿಲ್ಲಿಸಿದರು. ಅವರ ಕಣ್ಣು ತೇಗದ ಮೇಲಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೀಗೆ ಜಾಗ ಬದಲಿಸುತ್ತ ರಾಗಿ ಬೆಳೆಯುತ್ತಿದ್ದರು. 1974ರಲ್ಲಿ ಬೆಟ್ಟ ವನ್ಯಧಾಮವಾದ ಮೇಲೆ ಅವರ ಬದುಕೇ ಒಂದು ಕಡೆ ಕೂರಬೇಕಾಯಿತು. ಅವರಿದ್ದಾಗಲೂ ಆ ಕಾಡು ಕಾಡಾಗಿಯೇ ಇತ್ತು ಎನ್ನುವುದನ್ನು ನಾವು ಮರೆಯಬಾರದು.

ಅಕ್ಕಡಿ ಸಾಲು ನಮ್ಮಲ್ಲಿ ಮಾತ್ರ ಇದೆಯೇ?

ಅಕ್ಕಡಿ ಸಾಲು ಎಂದರೆ ಮುಖ್ಯ ಬೆಳೆಯ ಸಾಲುಗಳ ನಡುವೆ ಬೇರೆ ಬೆಳೆಗಳ ಸಾಲು ಬಿತ್ತುವುದು. ಹೆಸರು ನಮ್ಮದು, ಉಪಾಯ ಎಲ್ಲರದು. ಚಿಕ್ಕವಳಿದ್ದಾಗ ಅಪ್ಪ ಕೂರಿಗೆ ಹಿಡಿದರೆ ಅವ್ವ ಹಿಂದೆ ನಡೆಯುತ್ತಿದ್ದಳು. ಕೂರಿಗೆಗೆ ಹಗ್ಗ ಕಟ್ಟಿ ಎಳೆಯುವ ಬಿದಿರಿನ ಕೊಳವೆ ಒಂದು ಕೈಯಲ್ಲಿ, ಮಡಿಲಲ್ಲಿ ಅವರೆ ಬೀಜ. ಹೆಜ್ಜೆಗೊಂದು ಕಾಳು ಬೆರಳ ತುದಿಯಿಂದ ಜಾರಬೇಕು. ರಾಗಿ ಸಾಲುಗಳ ನಡುವೆ ಒಂದು ಅವರೆ, ಇನ್ನೊಂದು ತೊಗರಿ, ಮತ್ತೊಂದು ಹುಚ್ಚೆಳ್ಳು, ಅಂಚಿಗೆ ಹರಳು. ಮಾಗಿಯ ಚಳಿಯಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟು ಹೊಲ ತುಂಬ ಜೇನು ಗುಂಯ್‌ಗುಟ್ಟುತ್ತಿತ್ತು. ಮಳೆ ಕೈಕೊಟ್ಟು ರಾಗಿ ಜೊಳ್ಳಾದ ವರ್ಷವೂ ಆಳವಾಗಿ ಬೇರಿಳಿಸಿದ ತೊಗರಿ, ಇಬ್ಬನಿಗೇ ಚಿಗುರುವ ಅವರೆ ಮನೆ ಸಾರಿಗೆ ಸಾಕಾಗುತ್ತಿದ್ದವು.

ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಲ್ಲಿ ಇದೇ ಯೋಚನೆಯ ಹೊಲಕ್ಕೆ ಮಿಲ್ಪಾ ಎನ್ನುತ್ತಾರೆ. ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಮೂರೂ ಒಟ್ಟಿಗೆ. ಮೆಕ್ಕೆಜೋಳದ ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬುತ್ತದೆ, ಆ ಬಳ್ಳಿಯ ಬೇರಿನ ಗಂಟುಗಳು ಸಾರಜನಕ ಕೂಡಿಸುತ್ತವೆ, ಕುಂಬಳದ ಅಗಲ ಎಲೆ ನೆಲ ಮುಚ್ಚಿ ತೇವ ಕಾಯುತ್ತದೆ, ಕಳೆ ಏಳಲು ಬಿಡುವುದಿಲ್ಲ. ಆ ಜನ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿಟ್ಟು ಆಮೇಲೆ ಅರೆದು ರೊಟ್ಟಿ ತಟ್ಟುತ್ತಾರೆ. ಹಾಗೆ ಮಾಡಿದರೆ ಕಾಳಿನೊಳಗೆ ಕಟ್ಟಿಹಾಕಿಕೊಂಡಿದ್ದ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಮೆಕ್ಕೆಜೋಳವನ್ನು ಯುರೋಪಿಗೆ ಒಯ್ದವರು ಬೀಜ ಮಾತ್ರ ಒಯ್ದರು, ಸುಣ್ಣದ ಕ್ರಮ ಒಯ್ಯಲಿಲ್ಲ. ಇಟಲಿ, ಸ್ಪೇನುಗಳಲ್ಲಿ ಬರೀ ಮೆಕ್ಕೆಜೋಳ ತಿಂದು ಬದುಕಿದ ಬಡವರು ಪೆಲಾಗ್ರ ರೋಗದಿಂದ ಚರ್ಮ ಸುಲಿದು, ಬುದ್ಧಿ ಕದಡಿ ಸತ್ತರು. ಬೆಳೆ ತರುವಾಗ ಅದರ ಅಡುಗೆಮನೆಯನ್ನೂ ತರಬೇಕು ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ರಾಗಿ, ಜೋಳ ನಮ್ಮ ಮೂಲದ ಬೆಳೆಗಳೇ?

ಎರಡೂ ಆಫ್ರಿಕದಿಂದ ಬಂದವು, ಸಜ್ಜೆಯೂ ಅಷ್ಟೆ. ರಾಗಿಯ ತವರು ಇಥಿಯೋಪಿಯಾದಿಂದ ಉಗಾಂಡದವರೆಗಿನ ಎತ್ತರದ ನಾಡು. ಇವತ್ತಿಗೂ ಅಲ್ಲಿ ಬೆಳೆಯುತ್ತಾರೆ. ನಮ್ಮ ಮುದ್ದೆಗೂ ರೊಟ್ಟಿಗೂ ಅಲ್ಲಿ ದಾಯಾದಿಗಳಿದ್ದಾರೆ ಎಂದು ತಿಳಿದಾಗ ನನಗಾದ ಸಂತೋಷ ಇನ್ನೂ ಇಳಿದಿಲ್ಲ.

ಮಳೆ ಕಡಿಮೆ, ನೆಲ ಗಟ್ಟಿ, ಕೊಳವೆಬಾವಿ ಇಲ್ಲ. ಅಂಥ ಕಡೆ ಯಾರಾದರೂ ಬೆಳೆದಿದ್ದಾರೆಯೇ?

ಬೆಳೆದಿದ್ದಾರೆ. ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನು ಓದಿ.

ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊ ದೇಶದ ಉತ್ತರ ಭಾಗ ಸಹಾರಾ ಮರುಭೂಮಿಯ ಅಂಚಿನಲ್ಲಿದೆ. ಅಲ್ಲಿನ ನೆಲ ಬಿಸಿಲಿಗೆ ಸಿಮೆಂಟಿನಂತೆ ಹೆಪ್ಪುಗಟ್ಟಿರುತ್ತದೆ. ಮಳೆ ಬಿದ್ದರೂ ಇಂಗದೆ ಹರಿದುಹೋಗುತ್ತದೆ. 1980ರ ಆಸುಪಾಸಿನ ಬರದಲ್ಲಿ ಜನ ಊರು ಬಿಟ್ಟು ಹೊರಟಾಗ ಯಾಕೂಬಾ ಸವಡೋಗೊ ಎಂಬ ರೈತ ಹಳೆಯ ಕಾಲದ ಒಂದು ಪದ್ಧತಿಯನ್ನು ಹಿಡಿದು ಕೂತರು. ಅದರ ಹೆಸರು ಝಾಯ್. ಬೇಸಿಗೆಯಲ್ಲೇ, ನೆಲ ಕಲ್ಲಿನಂತಿರುವಾಗಲೇ, ಗುದ್ದಲಿಯಿಂದ ಮೊಳದೊಳಗಿನ ಅಗಲದ ಗುಳಿ, ಗೇಣಿನಷ್ಟು ಆಳ. ತೆಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದ ಹಾಗೆ ಒಟ್ಟುವುದು, ಮೇಲಿನಿಂದ ಬರುವ ನೀರು ಗುಳಿಯೊಳಗೇ ನಿಲ್ಲುವ ಹಾಗೆ. ಗುಳಿಗೆ ಒಂದೆರಡು ಬೊಗಸೆ ಕೊಟ್ಟಿಗೆ ಗೊಬ್ಬರ. ಆ ಗೊಬ್ಬರದ ವಾಸನೆಗೆ ಗೆದ್ದಲು ಬರುತ್ತದೆ. ನಾವು ಗೆದ್ದಲೆಂದರೆ ಔಷಧಿ ಡಬ್ಬಿ ಹುಡುಕುತ್ತೇವೆ, ಅಲ್ಲಿ ಅದೇ ಕೂಲಿಯಾಳು. ಅದು ಕೊರೆದ ಸಣ್ಣ ಸಣ್ಣ ದಾರಿಗಳಲ್ಲಿ ಮೊದಲ ಮಳೆ ಒಳಗಿಳಿಯುತ್ತದೆ. ಗುಳಿಯಲ್ಲಿ ಜೋಳವನ್ನೋ ಸಜ್ಜೆಯನ್ನೋ ಊರುತ್ತಾರೆ.

ಬೇಸಿಗೆಯಲ್ಲಿ ಬಂಜರು ಅಗೆಯುವವನನ್ನು ನೋಡಿ ನೆರೆಹೊರೆಯವರು ಹುಚ್ಚನೆಂದರು. ಗೊಬ್ಬರದ ಜೊತೆ ಬಂದ ಬೀಜಗಳು ಗುಳಿಗಳಲ್ಲೇ ಮೊಳೆತಾಗ ಸವಡೋಗೊ ಆ ಸಸಿಗಳನ್ನೂ ಕಾಪಾಡಿದರು. ಬಯಲಾಗಿದ್ದ ಕಡೆ ಕಾಡೇ ಎದ್ದಿತು. ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2023ರಲ್ಲಿ ತೀರಿಕೊಂಡರು. ಇಷ್ಟಕ್ಕೆಲ್ಲ ಬೇಕಾದದ್ದು ಗುದ್ದಲಿ, ಗೊಬ್ಬರ ಮತ್ತು ಸೊಂಟ ಮುರಿಯುವ ದುಡಿಮೆ. ಆ ದುಡಿಮೆಯನ್ನು ಮುಚ್ಚಿಟ್ಟು ಪದ್ಧತಿಯನ್ನು ಹೊಗಳುವುದು ನ್ಯಾಯವಲ್ಲ, ಒಂದು ಎಕರೆಗೆ ಸಾವಿರಾರು ಗುಳಿ ಬೇಕಾಗುತ್ತವೆ.

ಮರುಭೂಮಿಯಲ್ಲಿ ತೋಟ ಹೇಗೆ ಸಾಧ್ಯ?

ಬೆಟ್ಟದ ಬುಡದ ಅಂತರ್ಜಲವನ್ನು ಸಣ್ಣ ಇಳಿಜಾರಿನ ಸುರಂಗದಲ್ಲಿ ಹರಿಸಿ ತಂದು ಸಾಧ್ಯ. ಇರಾನಿನಲ್ಲಿ ಇದಕ್ಕೆ ಕನಾತ್ ಎನ್ನುತ್ತಾರೆ, ಓಮಾನಿನಲ್ಲಿ ಫಲಜ್. ಪಂಪು, ಕರೆಂಟು ಏನೂ ಬೇಡ. ಓಮಾನಿನ ಊರುಗಳಲ್ಲಿ ನೀರಿನ ಪಾಳಿಯನ್ನು ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಹಂಚುತ್ತಿದ್ದರು. ಬಂದ ನೀರಿಗೆ ಮೂರು ಅಂತಸ್ತಿನ ತೋಟ: ಮೇಲೆ ಖರ್ಜೂರ, ಅದರ ನೆರಳಲ್ಲಿ ದಾಳಿಂಬೆ ನಿಂಬೆ, ಕೆಳಗೆ ಸೊಪ್ಪು, ಮೇವು.

ಇದು ದೂರದ ಸಂಗತಿ ಎಂದುಕೊಳ್ಳಬೇಡಿ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ, ಪರ್ಷಿಯಾದಿಂದ ಬಂದ ಅದೇ ವಿದ್ಯೆ, ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಅಡ್ಡಡ್ಡ ಕೊರೆದ ಸುರಂಗಗಳಿಂದ ಅಡಿಕೆ ತೋಟಗಳು ಬದುಕಿವೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಮುಗಿಸಿ ಬಂದು ಒಬ್ಬರೇ ಗುಡ್ಡ ಕೊರೆದರು. ಒಂದರ ಹಿಂದೊಂದು ಸುರಂಗ ಒಣಗಿಯೇ ಉಳಿದರೂ ಬಿಡದೆ ಕೊನೆಗೆ ನೀರು ಕಂಡರು, ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಪದ್ಮಶ್ರೀ ಬಂತು.

ಭತ್ತದ ಬೇಸಾಯ ಎಲ್ಲ ಕಡೆ ಒಂದೇ ತರಹವೇ?

ನಾಟಿ ಒಂದೇ, ನೀರಿನ ಒಪ್ಪಂದ ಬೇರೆ ಬೇರೆ. ಫಿಲಿಪೀನ್ಸಿನ ಇಫುಗಾವೊ, ಚೀನಾದ ಯುನ್ನಾನಿನ ಹಾನಿ ಜನ ಬೆಟ್ಟವನ್ನೇ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ಮಾಡಿದ್ದಾರೆ. ನನಗೆ ಎಲ್ಲಕ್ಕಿಂತ ಪಾಠ ಹೇಳಿದ್ದು ಇಂಡೊನೇಷ್ಯಾದ ಬಾಲಿ ದ್ವೀಪ.

ಅಲ್ಲಿ ಒಂದೇ ಕಾಲುವೆಯ ನೀರುಣ್ಣುವ ರೈತರ ಕೂಟಕ್ಕೆ ಸುಬಕ್ ಎಂದು ಹೆಸರು. ಯಾವ ಸುಬಕ್ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಬಿಡಬೇಕು ಎನ್ನುವುದು ನೀರಿನ ದೇವಸ್ಥಾನಗಳಲ್ಲಿ ಸೇರಿ ತೀರ್ಮಾನವಾಗುತ್ತದೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಅಧಿಕಾರಿಗಳು ಬಂದರು. ಪೂಜೆ ಪಂಚಾಂಗ ಬಿಡಿ, ಹೊಸ ತಳಿ ಹಾಕಿ, ಆದಷ್ಟೂ ಹೆಚ್ಚು ಬೆಳೆ ತೆಗೆಯಿರಿ ಎಂದರು. ಒಬ್ಬೊಬ್ಬರು ಒಂದೊಂದು ವಾರ ನಾಟಿ ಮಾಡಿದರು. ವರ್ಷವಿಡೀ ಎಲ್ಲೋ ಒಂದು ಕಡೆ ಪೈರು ಹಸಿರಾಗೇ ಇತ್ತು. ಕಂದು ಜಿಗಿಹುಳುವಿಗೆ ಇನ್ನೇನು ಬೇಕು? ಒಂದು ಗದ್ದೆ ಮುಗಿಸಿ ಪಕ್ಕದ್ದಕ್ಕೆ ಹಾರಿತು. ಔಷಧಿ ಹೊಡೆದಷ್ಟೂ ಹುಳು ಹೆಚ್ಚಿತು, ಕಾಲುವೆಯ ಬಾಲದವರಿಗೆ ನೀರೂ ಸಿಗಲಿಲ್ಲ.

ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್, ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಜೊತೆ ಸೇರಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು. ದೇವಸ್ಥಾನದ ಪಂಚಾಂಗದ ಪ್ರಕಾರ ಹಲವು ಸುಬಕ್‌ಗಳು ಒಟ್ಟಿಗೆ ನಾಟಿ ಮಾಡಿ ಒಟ್ಟಿಗೆ ಗದ್ದೆ ಬಿಟ್ಟಾಗ ಹುಳುವಿಗೆ ಮೇವು ಸಿಗುವುದಿಲ್ಲ, ನೀರೂ ಎಲ್ಲರಿಗೆ ಮುಟ್ಟುತ್ತದೆ, ಇಳುವರಿ ಹೆಚ್ಚು ಎಂದು ಕಂಡಿತು. ರೈತರು ಅಷ್ಟರಲ್ಲಾಗಲೇ ಹಳೆಯ ಕ್ರಮಕ್ಕೆ ಮರಳುತ್ತಿದ್ದರು. 2012ರಲ್ಲಿ ಯುನೆಸ್ಕೊ ಸುಬಕ್ ನಾಡನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಕೆರೆಗಳ ಕೆಳಗೆ ತೂಬು ಎತ್ತಿ ಸರದಿ ನೋಡಿ ನೀರು ಬಿಡುತ್ತಿದ್ದ ನೀರಗಂಟಿಯನ್ನು ಕಂಡವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ.

ಮೆಕ್ಸಿಕೊದ ತೇಲುವ ತೋಟಗಳು ನಿಜವಾಗಿ ತೇಲುತ್ತವೆಯೇ?

ಇಲ್ಲ. ಮೆಕ್ಸಿಕೊ ನಗರದ ಅಂಚಿನ ಸೋಚಿಮಿಲ್ಕೊದ ಆ ಚಿನಾಂಪಗಳು ಆಳವಿಲ್ಲದ ಸರೋವರದಲ್ಲಿ ಕೆಸರು, ಜೊಂಡು ಪೇರಿಸಿ ಎಬ್ಬಿಸಿದ ನೆಲ. ಅಂಚು ಕುಸಿಯದಂತೆ ಸುತ್ತ ನೀರಂಜಿ ಜಾತಿಯ ಮರ ನೆಡುತ್ತಾರೆ. ಅವರ ಸಸಿಮಡಿ ನೋಡಬೇಕು: ಕಾಲುವೆಯ ತಳದ ಕೆಸರನ್ನು ಬಳಿದು ತಂದು ಮಡಿಯಲ್ಲಿ ಹರಡಿ, ಗಟ್ಟಿ ಮೊಸರಿನ ಹದಕ್ಕೆ ಬಂದಾಗ ಚಾಕುವಿನಿಂದ ಬರ್ಫಿ ಕೊಯ್ದಂತೆ ಚೌಕ ಚೌಕ ಕತ್ತರಿಸುತ್ತಾರೆ. ಒಂದೊಂದು ಚೌಕಕ್ಕೂ ಬೆರಳಿನಿಂದ ತೂತು, ತೂತಿಗೊಂದು ಬೀಜ, ಮೇಲೆ ಪುಡಿ ಗೊಬ್ಬರ. ಸಸಿ ಎದ್ದ ಮೇಲೆ ಆ ಮಣ್ಣಿನ ಬರ್ಫಿ ಸಮೇತ ಎತ್ತಿ ನೆಡುತ್ತಾರೆ, ಬೇರಿಗೆ ನೋವಾಗುವುದಿಲ್ಲ. ನರ್ಸರಿಯ ಪ್ಲಾಸ್ಟಿಕ್ ಟ್ರೇ ಮಾಡುವ ಕೆಲಸವನ್ನು ಅವರು ಯುರೋಪಿನವರು ಬರುವ ಮೊದಲೇ ಕೆಸರಿನಲ್ಲಿ ಮಾಡಿ ಮುಗಿಸಿದ್ದರು.

ಉಪ್ಪು ನೀರಿನ ಜೊತೆ ಬದುಕುವ ಗದ್ದೆ ನಮ್ಮಲ್ಲೇ ಇದೆ. ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತ, ಆಮೇಲೆ ಸಿಗಡಿ, ಮೀನು. ಕಗ್ಗ ಉಪ್ಪನ್ನೂ ತಾಳುತ್ತದೆ, ನೆರೆಯಲ್ಲಿ ಮುಳುಗಿದರೂ ಏಳುತ್ತದೆ. ಸಮುದ್ರ ಏರುತ್ತಿರುವ ಈ ಕಾಲದಲ್ಲಿ ಮಾಣಿಕಟ್ಟೆಯ ರೈತರ ಕೈಯಲ್ಲಿರುವ ಆ ಬೀಜ ಬಂಗಾರಕ್ಕಿಂತ ಬೆಲೆಯದು, ಹಾಗೆಂದು ನಾನು ಪೂರ್ತಿ ನಂಬಿದ್ದೇನೆ.

ಅಮೆರಿಕದಲ್ಲಿ ಒಬ್ಬೊಬ್ಬರಿಗೆ ನೂರಾರು ಎಕರೆ. ಅದೇ ಮುಂದುವರಿದ ಕೃಷಿಯಲ್ಲವೇ?

2022ರ ಗಣತಿಯಲ್ಲಿ ಅಲ್ಲಿನ ಸರಾಸರಿ ಹಿಡುವಳಿ 463 ಎಕರೆ. ನಮ್ಮ ದೇಶದಲ್ಲಿ 2015-16ರ ಗಣತಿಯಂತೆ 1.08 ಹೆಕ್ಟೇರ್, ಅಂದರೆ ಎರಡೂಮುಕ್ಕಾಲು ಎಕರೆಗೂ ಕಡಿಮೆ. ಕಡಿಮೆ ಜನ, ಬೇಕಾದಷ್ಟು ನೆಲ ಇರುವ ಕಡೆ ಆಳಿನ ಕೆಲಸವನ್ನು ಯಂತ್ರ ಮಾಡುತ್ತದೆ. ಅಲ್ಲಿ ಆಳಿಗೆ ಲೆಕ್ಕ ಹಾಕಿದರೆ ಇಳುವರಿ ಬಹಳ, ಎಕರೆಗೆ ಲೆಕ್ಕ ಹಾಕಿದರೆ ಚಿತ್ರ ಬದಲಾಗುತ್ತದೆ.

ಆ ಬೇಸಾಯ ಒಮ್ಮೆ ಘೋರವಾಗಿ ಮುಗ್ಗರಿಸಿದೆ. ಮೊದಲನೇ ಮಹಾಯುದ್ಧದ ಹೊತ್ತಿಗೆ ಗೋಧಿಗೆ ರೇಟು ಬಂತೆಂದು ದಕ್ಷಿಣ ಬಯಲಿನ ಹುಲ್ಲುಗಾವಲನ್ನೆಲ್ಲ ಟ್ರ್ಯಾಕ್ಟರಿನಿಂದ ಮಗುಚಿ ಹಾಕಿದರು. ಮಣ್ಣು ಹಿಡಿದಿದ್ದ ಹುಲ್ಲಿನ ಬೇರು ಹೋಯಿತು. 1930ರ ದಶಕದಲ್ಲಿ ಬರ ಬಿದ್ದಾಗ ಹೊಲವೇ ಎದ್ದು ಹಾರಿತು. 1935ರ ಏಪ್ರಿಲ್ 14ರ ಭಾನುವಾರ ಕಪ್ಪು ಧೂಳಿನ ಗೋಡೆ ಹಗಲನ್ನು ಇರುಳು ಮಾಡಿತು. ಅದೇ ತಿಂಗಳು ಅಲ್ಲಿನ ಸರ್ಕಾರ ಮಣ್ಣು ಉಳಿಸುವ ಕಾನೂನು ತಂದಿತು. ಇಳಿಜಾರಿಗೆ ಅಡ್ಡವಾಗಿ ಉಳುವ ಸಮಪಾತಳಿಯ ಉಳುಮೆ, ಗಾಳಿ ತಡೆಯುವ ಮರದ ಸಾಲು ಎಲ್ಲ ಆ ಸುಮಾರಿಗೆ ಹರಡಿದವು.

ಪ್ಲಾಂಟೇಶನ್ ಎಂದರೆ ನಮ್ಮ ಕಾಫಿ ತೋಟವೇ?

ಒಂದು ಬೆಳೆ, ದೊಡ್ಡ ತೋಟ, ದೂರದ ಮಾರುಕಟ್ಟೆ, ಕೂಲಿ ಆಳು: ಈ ನಾಲ್ಕು ಸೇರಿದರೆ ಪ್ಲಾಂಟೇಶನ್. ಒಂದೇ ಬೆಳೆಯ ಅಪಾಯಕ್ಕೆ ಸಿಲೋನ್ ಸಾಕ್ಷಿ. 1869ರಲ್ಲಿ ಅಲ್ಲಿನ ಕಾಫಿಗೆ ಎಲೆ ತುಕ್ಕು ರೋಗ ಬಂತು. ಇಪ್ಪತ್ತು ವರ್ಷದಲ್ಲಿ ಕಾಫಿ ನಾಡು ಚಹಾ ನಾಡಾಯಿತು. ನಾವು ಸಿಲೋನ್ ಟೀ ಎನ್ನುವುದರ ಹಿಂದೆ ಒಂದು ಶಿಲೀಂಧ್ರ ಇದೆ. ಬ್ರೆಜಿಲಿನಲ್ಲಿ ಕಾಫಿಯನ್ನು ಬಯಲು ಬಿಸಿಲಲ್ಲಿ ಬೆಳೆದು ಯಂತ್ರದಿಂದ ಕೊಯ್ಯುತ್ತಾರೆ. 1975ರ ಜುಲೈನ ಹಿಮಕ್ಕೆ ಪರಾನಾ ರಾಜ್ಯದ ತೋಟಗಳು ಒಂದೇ ರಾತ್ರಿಗೆ ಕರಕಲಾದವು.

ಕೊಡಗು, ಚಿಕ್ಕಮಗಳೂರಿನ ತೋಟ ಬೇರೆ ಬಗೆಯದು. ಕಾಡುಮರ, ಹಾಲುವಾಣದ ನೆರಳು, ಮರಕ್ಕೆ ಮೆಣಸಿನ ಬಳ್ಳಿ, ನಡುನಡುವೆ ಕಿತ್ತಳೆ. ಮರ ಕಡಿದು ಬಿಸಿಲು ಬಿಟ್ಟರೆ ಇಳುವರಿ ಹೆಚ್ಚುತ್ತದೆ ಎಂಬ ಮಾತು ಕೇಳಿಬರುತ್ತಿರುತ್ತದೆ. ದಯವಿಟ್ಟು ಆ ನೆರಳನ್ನು ಉಳಿಸಿಕೊಳ್ಳಿ.

ಅಲೆಮಾರಿ ಕುರಿಗಾಹಿಗಳೂ ಕೃಷಿಕರೇ?

ಖಂಡಿತ. ಉಳಲು ಆಗದ ನೆಲದ ಹುಲ್ಲನ್ನು ಹಾಲು, ಮಾಂಸ, ಉಣ್ಣೆ ಮಾಡುವ ವಿದ್ಯೆ ಅವರದು. ಮಂಗೋಲಿಯಾದಲ್ಲಿ ಚಳಿಗಾಲ ವಿಪರೀತವಾದರೆ ಅದಕ್ಕೆ ಜುಡ್ ಎನ್ನುತ್ತಾರೆ. 2009-10ರ ಜುಡ್‌ನಲ್ಲಿ 80 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಅಂಥ ಕಡೆ ಅಲೆಯುವುದೇ ವಿಮೆ. ಉತ್ತರ ಕರ್ನಾಟಕದಲ್ಲಿ ಕುರುಬರ ಹಿಂಡು ಬಂದರೆ ಎರೆ ಹೊಲದವರು ಕರೆದು ಕುರಿ ನಿಲ್ಲಿಸಿಕೊಳ್ಳುತ್ತಾರೆ. ರಾತ್ರಿಯ ಹಿಕ್ಕೆ, ಗಂಜಳಕ್ಕೆ ಕಾಳನ್ನೋ ಹಣವನ್ನೋ ಕೊಡುತ್ತಾರೆ.

ಸಾವಯವಕ್ಕೆ ಒಂದೇ ವರ್ಷದಲ್ಲಿ ಬದಲಾಗಬಹುದೇ?

ಆತುರ ಬೇಡ. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿತು. ದೇಶಕ್ಕೆಲ್ಲ ಸಾಲುವಷ್ಟು ಗೊಬ್ಬರ ತಿಪ್ಪೆಗಳಲ್ಲಿ ಇರಲಿಲ್ಲ, ರೈತರಿಗೆ ಸಿದ್ಧವಾಗಲು ಸಮಯವೂ ಇರಲಿಲ್ಲ. ಭತ್ತದ ಇಳುವರಿ ಬಿತ್ತು, ಅಕ್ಕಿ ಆಮದು ಮಾಡಬೇಕಾಯಿತು, ಅದೇ ವರ್ಷದ ನವೆಂಬರಿನಲ್ಲಿ ಸರ್ಕಾರ ಹಿಂದೆ ಸರಿಯಿತು. ಸಿಕ್ಕಿಂ 2003ರಲ್ಲಿ ತೀರ್ಮಾನ ಮಾಡಿ ಪೂರ್ಣ ಸಾವಯವ ರಾಜ್ಯವೆಂದು ಘೋಷಿಸಿಕೊಂಡದ್ದು 2016ರಲ್ಲಿ. ಅಲ್ಲಿ ಮೊದಲಿನಿಂದಲೂ ರಾಸಾಯನಿಕದ ಬಳಕೆ ಕಡಿಮೆ, ಆದರೂ ಹದಿಮೂರು ವರ್ಷ ಹಿಡಿಯಿತು. ನಾನು ಸಾವಯವದ ಪಕ್ಷ. ಆ ಪಕ್ಷದಲ್ಲಿ ನಿಂತೇ ಹೇಳುತ್ತೇನೆ, ಮೊದಲ ವರ್ಷ ಕಾಲು ಭಾಗ ಜಮೀನಿನಲ್ಲಿ ಶುರು ಮಾಡಿ, ಹಸಿರೆಲೆ ಗೊಬ್ಬರಕ್ಕೆ ಸೆಣಬು ಚೆಲ್ಲಿ, ದನ ಕಟ್ಟಿ.

ಮಣ್ಣಿಲ್ಲದೆ ನೀರಿನಲ್ಲಿ ಬೆಳೆಯುವುದು?

ಸೊಪ್ಪು, ಟೊಮ್ಯಾಟೊ, ದಪ್ಪಮೆಣಸಿನಕಾಯಿಗೆ ಸರಿ. ನೆದರ್ಲೆಂಡ್ಸಿನ ಗಾಜಿನ ಮನೆಗಳಲ್ಲಿ ಇದು ದೊಡ್ಡ ಉದ್ಯಮ. ಹಾಕಿದ ಬಂಡವಾಳ, ಕರೆಂಟಿನ ಬಿಲ್ಲು, ಹತ್ತಿರದ ಗಿರಾಕಿ ಮೂರನ್ನೂ ಲೆಕ್ಕ ಹಾಕಿಯೇ ಕೈಯಿಡಿ. ರಾಗಿ, ಭತ್ತ, ತೊಗರಿ ಹೀಗೆ ಬೆಳೆದು ಊರಿಗೆ ಉಣಿಸಲಾಗುವುದಿಲ್ಲ.

ಸಣ್ಣ ರೈತರಿಂದ ಜಗತ್ತಿಗೆ ಅನ್ನ ಹಾಕಲು ಆಗುತ್ತದೆಯೇ?

ಪ್ರಪಂಚದಲ್ಲಿ 60 ಕೋಟಿಗೂ ಹೆಚ್ಚು ಹಿಡುವಳಿಗಳಿವೆ. ಅವುಗಳಲ್ಲಿ ಶೇ. 84ರಷ್ಟು ಹಿಡುವಳಿಗಳು ಐದು ಎಕರೆಗಿಂತ ಚಿಕ್ಕವು. ಒಟ್ಟು ಕೃಷಿ ಭೂಮಿಯಲ್ಲಿ ಈ ಚಿಕ್ಕ ಹಿಡುವಳಿಗಳ ಪಾಲು ಶೇ. 12ರಷ್ಟೇ, ಆದರೆ ಬೆಳೆಯುವ ಆಹಾರದಲ್ಲಿ ಸುಮಾರು ಮೂರನೇ ಒಂದು ಭಾಗ. ಈ ಲೆಕ್ಕ ನೋಡಿದ ಮೇಲೂ ಸಣ್ಣ ರೈತನನ್ನು ಹಿಂದುಳಿದವನು ಎಂದು ಕರೆಯುವುದು ನನಗೆ ಸಹಿಸಲಾಗದ ಮಾತು. ಅವನಿಗೆ ಸಿಗದಿರುವುದು ಸರಿಯಾದ ಬೆಲೆ.

ಎರಡು ಎಕರೆ ಕೊಂಡಿದ್ದೇನೆ. ಯಾವ ದೇಶದ ಪದ್ಧತಿ ಅನುಸರಿಸಲಿ?

ಮೊದಲ ಮುಂಗಾರಿನಲ್ಲಿ ಏನನ್ನೂ ಕಟ್ಟಬೇಡಿ, ಬೇಲಿ ಸಾಕು. ಜೋರು ಮಳೆ ಬರುವಾಗ ಛತ್ರಿ ಹಿಡಿದು ಹೊಲದಲ್ಲಿ ನಿಂತು ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಬದು ಒಡೆಯುತ್ತದೆ, ಹೋಗುವಾಗ ಯಾವ ಬಣ್ಣದಲ್ಲಿ ಹೋಗುತ್ತದೆ ನೋಡಿ. ಕೆಂಪಗೆ ಹೋದರೆ ನಿಮ್ಮ ಮೇಲ್ಮಣ್ಣು ಹೋಗುತ್ತಿದೆ, ಮೊದಲ ಕೆಲಸ ಬದು. ಮಳೆ ನಿಂತು ಹದಿನೈದು ದಿನ ಆದ ಮೇಲೆ ಒಂದು ಅಡಿ ಗುಣಿ ತೆಗೆದು ಬಿಂದಿಗೆ ನೀರು ಸುರಿಯಿರಿ, ಇಂಗಿದ ಮೇಲೆ ಇನ್ನೊಂದು ಬಿಂದಿಗೆ ಸುರಿದು ಗಡಿಯಾರ ನೋಡಿ. ಎರಡನೆಯದು ಸಂಜೆವರೆಗೂ ನಿಂತೇ ಇದ್ದರೆ ಅಡಿಕೆ, ಪಪ್ಪಾಯಿಯ ಆಸೆ ಸದ್ಯಕ್ಕೆ ಬಿಡಿ, ಮೊದಲು ಬಸಿಗಾಲುವೆ ತೆಗೆಸಿ. ಆಮೇಲೆ ಪಕ್ಕದ ಹೊಲದ ಅಜ್ಜನೋ ಅಜ್ಜಿಯೋ ಸಿಕ್ಕರೆ ಬದುವಿನ ಮೇಲೆ ಕೂತು ಕೇಳಿ, ಕೊಳವೆಬಾವಿ ಬರುವ ಮುಂಚೆ ಇಲ್ಲಿ ಏನು ಬಿತ್ತುತ್ತಿದ್ದರು, ಯಾವ ಮಳೆಗೆ ಬಿತ್ತುತ್ತಿದ್ದರು, ಎಂಥ ವರ್ಷ ಬಿತ್ತದೆ ಬಿಡುತ್ತಿದ್ದರು ಎಂದು. ಹೇಳಿದ್ದನ್ನು ಬರೆದುಕೊಳ್ಳಿ.